ಕ್ಯಾಮೆರಾ ಯಾರ ಪಕ್ಕ ನಿಂತಿದೆ?

ಹೋದ ತಿಂಗಳು ನಮ್ಮ ಏರಿಯಾದ ವಾಟ್ಸ್ಯಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. 40 ಸೆಕೆಂಡ್ ಇರಬಹುದು. ಮೊಬೈಲ್ ಕದ್ದ ಅಂತ ಒಬ್ಬ ಹುಡುಗನನ್ನ ಲೈಟ್ ಕಂಬಕ್ಕೆ ಕಟ್ಟಿಹಾಕಿದ್ದಾರೆ. ನಾಲ್ಕೈದು ಜನ ಬಾರಿಸ್ತಿದ್ದಾರೆ. ಉಳಿದವರು ಸುತ್ತ ನಿಂತು ಫೋನ್ ಎತ್ತಿ ಹಿಡಿದಿದ್ದಾರೆ. ಗ್ರೂಪಿನಲ್ಲಿ ವಿಡಿಯೋ ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು, "ಸರಿಯಾಗಿ ಮಾಡಿದ್ರಿ" ಅಂತ ಒಂದೆರಡು ಮೆಸೇಜು. ಕಾವೇರಿ ನೀರು ಎಷ್ಟೊತ್ತಿಗೆ ಬಿಡ್ತಾರೆ, ಕಸದ ಗಾಡಿ ಬಂತಾ ಅನ್ನೋ ಮೆಸೇಜುಗಳ ಮಧ್ಯೆ ಇದೂ ಒಂದು.

ನನ್ನನ್ನ ಕಾಡಿದ್ದು ಅದರ ಕೊನೆಯ ಎರಡು ಸೆಕೆಂಡ್. ಬಲಗಡೆಯಿಂದ ಬಳೆ ತೊಟ್ಟ ಒಂದು ಕೈ, ಸ್ಟೀಲ್ ಚೊಂಬು ಹಿಡ್ಕೊಂಡು ಫ್ರೇಮಿನೊಳಗೆ ಬರುತ್ತೆ. ನೀರು ಕೊಡೋಕೆ. ಅಷ್ಟರಲ್ಲಿ ವಿಡಿಯೋ ಕಟ್. ರೆಕಾರ್ಡ್ ಮಾಡ್ತಿದ್ದವನಿಗೆ ಹೊಡೆತ ಬೇಕಿತ್ತು, ಚೊಂಬು ಬೇಕಿರಲಿಲ್ಲ.

ಇದನ್ನ ತೆಗೀರಿ ಅಂತ ಅಡ್ಮಿನ್‌ಗೆ ಮೆಸೇಜ್ ಹಾಕಿದೆ, ತೆಗೆದರು. ಆದರೆ ಸಂಜೆ ಎದುರು ಮನೆ ಅಂಕಲ್ ಸಿಕ್ಕರು. ಒಳ್ಳೆಯವರು. ನಾವಿಬ್ಬರೂ ಆಫೀಸಿಗೆ ಹೋದಾಗ ನಮ್ಮ ಸಿಲಿಂಡರ್, ಕೊರಿಯರ್ ಎಲ್ಲಾ ಇಳಿಸಿಕೊಳ್ಳೋದು ಅವರೇ. "ಅಲ್ಲಪ್ಪಾ, ಕಳ್ಳನಿಗೆ ಎಂಥಾ ಕರುಣೆ? ನಿನ್ನ ಫೋನೇ ಹೋಗಿದ್ದಿದ್ರೆ ಗೊತ್ತಾಗ್ತಿತ್ತು" ಅಂದರು. ಜಗಳದ ದನಿಯಲ್ಲಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಅವರಿಗೆ ನಾನು ಅವತ್ತು ಏನು ಹೇಳಿದೆ ಅನ್ನೋದು ಮುಖ್ಯ ಅಲ್ಲ, ಏನೋ ಎರಡು ಮಾತು ಕಾನೂನು ಪೊಲೀಸು ಅಂದೆ. ಆದರೆ ಅವರ ಪ್ರಶ್ನೆಗೆ ಸುಮಾರು ಇನ್ನೂರು ವರ್ಷದ ಹಿಂದೆಯೇ ಒಬ್ಬ ಚಿತ್ರ ಬರೆದಿಟ್ಟಿದ್ದಾನೆ. ಈ ಸಲದ ಅಂಕಣ ಅಲ್ಲಿಂದ ಶುರು ಮಾಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಕಲಾ ವಿಮರ್ಶಕ ಅಲ್ಲ. ಬಿ.ಇ. ಮಾಡಿ ಕೋಡ್ ಬರೆಯೋ ಲಕ್ಷಾಂತರ ಜನರಲ್ಲಿ ಒಬ್ಬ. ಮೆಟ್ರೋದಲ್ಲಿ ಸೀಟು ಸಿಕ್ಕರೆ ಫೋನಿನಲ್ಲಿ ಮ್ಯೂಸಿಯಂಗಳ ವೆಬ್‌ಸೈಟ್ ತೆರೆದು ಚಿತ್ರಗಳನ್ನ ಜೂಮ್ ಮಾಡಿ ನೋಡೋ ಒಂದು ಚಟ ಇದೆ, ಅಷ್ಟೇ.

ಸ್ಪೇನಿನ ಫ್ರಾನ್ಸಿಸ್ಕೊ ಗೋಯಾ ರಾಜನ ಆಸ್ಥಾನದ ಚಿತ್ರಕಾರ. ರಾಜಮನೆತನದವರ ಭಾವಚಿತ್ರ ಬರೆದು ಹೆಸರು ಮಾಡಿದವನು. ಮಧ್ಯವಯಸ್ಸಿನಲ್ಲಿ ಕಾಯಿಲೆ ಬಿದ್ದು ಕಿವಿ ಪೂರ್ತಿ ಹೋಯಿತು. 1808ರಲ್ಲಿ ನೆಪೋಲಿಯನ್ನನ ಸೈನ್ಯ ಸ್ಪೇನನ್ನು ಹಿಡಿದುಕೊಂಡಿತ್ತು. ಮೇ 2ರಂದು ಮ್ಯಾಡ್ರಿಡ್ಡಿನ ಜನ ದಂಗೆ ಎದ್ದರು. ಆ ರಾತ್ರಿಯಿಂದ ಮರುದಿನದವರೆಗೆ ಸಿಕ್ಕವರನ್ನೆಲ್ಲ ಸಾಲಾಗಿ ನಿಲ್ಲಿಸಿ ಗುಂಡು ಹೊಡೆದರು. ಫ್ರೆಂಚರು ಹೋದ ಮೇಲೆ, 1814ರಲ್ಲಿ, ಗೋಯಾ ಇದನ್ನ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದ. 'ಮೇ ಮೂರು, 1808' ಅಂತಲೇ ಅದು ಪ್ರಸಿದ್ಧ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂನಲ್ಲಿದೆ, ಅವರ ಸೈಟಿನಲ್ಲೂ ನೋಡಬಹುದು.

ರಾತ್ರಿ. ನೆಲದ ಮೇಲೆ ಒಂದು ದೊಡ್ಡ ಲಾಂದ್ರ. ಅದರ ಬೆಳಕೆಲ್ಲ ಬಿಳಿ ಅಂಗಿ ತೊಟ್ಟ ಒಬ್ಬ ಮನುಷ್ಯನ ಮೇಲೆ ಬಿದ್ದಿದೆ. ಮಂಡಿಯೂರಿ, ಎರಡೂ ಕೈ ಅಗಲಿಸಿ ಮೇಲೆತ್ತಿದ್ದಾನೆ. ಪಕ್ಕದವರು ಒಬ್ಬೊಬ್ಬರೂ ಒಂದೊಂದು ಥರ ಹೆದರಿದ್ದಾರೆ. ಮುಂದಿನ ಸರದಿಯವರು ಕೈಯಿಂದ ಮುಖ ಮುಚ್ಚಿಕೊಂಡು ಬರ್ತಿದ್ದಾರೆ. ಸೈನಿಕರಿಗೆ ಮಾತ್ರ ಮುಖವಿಲ್ಲ. ಅವರೆಲ್ಲ ನಮಗೆ ಬೆನ್ನು ಕೊಟ್ಟು, ಒಂದೇ ಭಂಗಿಯಲ್ಲಿ, ಮೆಷಿನ್ನಿನ ಹಲ್ಲುಗಳ ಹಾಗೆ ನಿಂತಿದ್ದಾರೆ.

ಇಲ್ಲಿವರೆಗೆ ಕಥೆ ಸುಲಭ. ಕೆಟ್ಟವರು ಫ್ರೆಂಚರು, ಸತ್ತವರು ನಮ್ಮವರು. ದೇಶಭಕ್ತಿಯ ಚಿತ್ರ ಅಂತ ಗೋಡೆಗೆ ಹಾಕಬಹುದು. ಆದರೆ ಗೋಯಾ ಅದೇ ಕಾಲದಲ್ಲಿ ಇನ್ನೊಂದು ಕೆಲಸವನ್ನೂ ಮಾಡ್ತಿದ್ದ. ತಾಮ್ರದ ತಗಡಿನ ಮೇಲೆ ಸಣ್ಣ ಸಣ್ಣ ಚಿತ್ರಗಳು. ತಗಡಿಗೆ ಮೇಣದಂಥ ಪದರ ಹಚ್ಚಿ, ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿದರೆ ಗೀರಿದ ಕಡೆ ಮಾತ್ರ ಆಸಿಡ್ ತಾಮ್ರವನ್ನ ಕೊರೆಯುತ್ತೆ. ಆ ಗುಳಿಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿದರೆ ಚಿತ್ರ. 'ಯುದ್ಧದ ದುರಂತಗಳು' ಅಂತ ಈಗ ಕರೆಯೋ ಈ ಸರಣಿಯನ್ನ ಅವನು ಬದುಕಿದ್ದಾಗ ಪ್ರಕಟಿಸಲೇ ಇಲ್ಲ. ಅವನು ಸತ್ತಿದ್ದು 1828ರಲ್ಲಿ, 80 ಚಿತ್ರಗಳ ಮೊದಲ ಮುದ್ರಣ ಬಂದಿದ್ದು 1863ರಲ್ಲಿ.

ಯಾಕೆ ಪ್ರಕಟಿಸಲಿಲ್ಲ ಅಂತ ಚಿತ್ರಗಳನ್ನ ನೋಡಿದರೆ ಊಹಿಸಬಹುದು. ಅದರಲ್ಲಿ 28ನೆಯದ್ದು ನೋಡಿ. ಒಬ್ಬ ನೆಲದ ಮೇಲೆ ಬಿದ್ದಿದ್ದಾನೆ, ಕೋಲು ಹಿಡಿದು ಬಡಿಯುತ್ತಿದ್ದಾರೆ, ಹಿಂದೆ ಜನ ನಿಂತು ನೋಡ್ತಿದ್ದಾರೆ. ಬಡಿಯೋರು ಫ್ರೆಂಚ್ ಸೈನಿಕರಲ್ಲ, ಊರಿನವರೇ. ಬಿದ್ದವನು ಫ್ರೆಂಚರ ಕಡೆಯವನು ಅಂತ ಅನುಮಾನಕ್ಕೆ ಸಿಕ್ಕವನು ಅಂತ ವಿದ್ವಾಂಸರು ಹೇಳ್ತಾರೆ. ಮುಂದಿನ 29ನೇ ಚಿತ್ರದಲ್ಲಿ ಒಬ್ಬನ ಕಾಲಿಗೆ ಹಗ್ಗ ಕಟ್ಟಿ ಎಳ್ಕೊಂಡು ಹೋಗ್ತಿದ್ದಾರೆ. ಗೋಯಾ ಆ ಚಿತ್ರದ ಕೆಳಗೆ ಕೊಟ್ಟ ಹೆಸರು, 'ಅವನಿಗೆ ತಕ್ಕದ್ದೇ ಆಯಿತು'.

ಅಂಕಲ್ ಮಾತು ನೆನಪಾಯ್ತಾ? ಗ್ರೂಪಿನ "ಸರಿಯಾಗಿ ಮಾಡಿದ್ರಿ"? ಗೋಯಾ ಅದನ್ನ ಒಪ್ಪಿ ಬರೆದನಾ, ವ್ಯಂಗ್ಯಕ್ಕೆ ಬರೆದನಾ ಅಂತ ಅವನು ಎಲ್ಲೂ ಬಿಡಿಸಿ ಹೇಳಲ್ಲ. ಜನ ಅನ್ನೋ ಮಾತನ್ನೇ ಎತ್ತಿ ಚಿತ್ರದ ಕೆಳಗೆ ಇಟ್ಟು ಸುಮ್ಮನಾಗಿದ್ದಾನೆ. ನನಗೆ ಅವನ ಜಾಣತನ ಕಾಣೋದು ಬೇರೆ ಕಡೆ. ಶತ್ರು ಕೊಂದಾಗ ಕೊಂದವನ ಬೆನ್ನು ತೋರಿಸಿದ. ತನ್ನ ಊರಿನವರೇ ಕೊಂದಾಗ ಅವರನ್ನ ನಮ್ಮ ಕಡೆ ತಿರುಗಿಸಿದ. ನಮ್ಮ ಫೋನುಗಳು ಮಾಡೋದು ಇದರ ತದ್ವಿರುದ್ಧ. ನಮ್ಮ ವಿಡಿಯೋಗಳಲ್ಲಿ ಏಟು ತಿನ್ನೋನ ಮುಖ ಮಾತ್ರ ಫುಲ್ ಎಚ್‌ಡಿ. ಹೊಡೆಯೋರದ್ದು ಕೈ ಕಾಲು. ಶೂಟ್ ಮಾಡ್ತಿರೋನು ಯಾವತ್ತೂ ಕಾಣಲ್ಲ, ಯಾಕಂದ್ರೆ ಅವನು ಹೊಡೆಯೋರ ಪಕ್ಕದಲ್ಲೇ ನಿಂತಿರ್ತಾನೆ. ನೋಡೋ ನಾವೂ ಅವನ ಜಾಗದಲ್ಲೇ ನಿಂತು ನೋಡ್ತೀವಿ.

ಇದೇ ಪ್ರಶ್ನೆಯನ್ನ, ಅಂದರೆ ಚಿತ್ರಕಾರ ಎಲ್ಲಿ ನಿಂತಿದ್ದಾನೆ ಅನ್ನೋದನ್ನ, ಇಟ್ಟುಕೊಂಡು ಉಳಿದವನ್ನ ನೋಡೋಕೆ ಶುರು ಮಾಡಿದೆ. ಪಿಕಾಸೊನ 'ಗೆರ್ನಿಕಾ' ನಿಮಗೆಲ್ಲ ಗೊತ್ತೇ ಇರುತ್ತೆ, ಟೀ ಶರ್ಟ್ ಮೇಲೂ ಬಂದುಬಿಟ್ಟಿದೆ. 1937ರ ಏಪ್ರಿಲ್ 26ರಂದು ಆ ಊರಿನ ಮೇಲೆ ಬಾಂಬ್ ಹಾಕಿದ್ದು ವಿಮಾನಗಳು. ಏಳೂಮುಕ್ಕಾಲು ಮೀಟರ್ ಅಗಲದ ಆ ಚಿತ್ರದಲ್ಲಿ ಒಂದೇ ಒಂದು ವಿಮಾನ ಇಲ್ಲ. ಬಾಂಬ್ ಬೀಳೋ ಜಾಗದಲ್ಲಿ ನಿಂತವರಿಗೆ ಕಾಣೋದು ಮಾತ್ರ ಇದೆ. ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಮುಂದೆ ಹೋಗ್ತೀನಿ.

ಎರಡು ವರ್ಷದ ಹಿಂದೆ ಕ್ಲೈಂಟ್ ಕೆಲಸ ಅಂತ ಬರ್ಲಿನ್‌ಗೆ ಎರಡು ವಾರ ಕಳಿಸಿದ್ದರು. ಒಂದು ಭಾನುವಾರ ಉಂಟರ್ ಡೆನ್ ಲಿಂಡೆನ್ ಅನ್ನೋ ದೊಡ್ಡ ರಸ್ತೆಯಲ್ಲಿ ನಡೀತಾ ಮಳೆ ಬಂತು ಅಂತ ಕಂಬಗಳಿದ್ದ ಒಂದು ಸಣ್ಣ ಕಟ್ಟಡಕ್ಕೆ ನುಗ್ಗಿದೆ. ನಾಯೆ ವಾಖೆ ಅಂತ ಅದರ ಹೆಸರು. ಒಳಗೆ ಏನೂ ಇಲ್ಲ. ಬರೀ ಖಾಲಿ ಹಾಲ್, ಚಾವಣಿಯ ಮಧ್ಯೆ ದುಂಡಗಿನ ಒಂದು ತೂತು, ಅದರ ಕೆಳಗೆ ಕಪ್ಪಗೆ ಒಂದು ಶಿಲ್ಪ. ಕೂತ ತಾಯಿ, ಅವಳ ಕಾಲುಗಳ ಮಧ್ಯೆ ಮುದುಡಿಕೊಂಡ ಸತ್ತ ಮಗ. ಮಳೆ ನೇರ ಅವಳ ಮೇಲೆ ಸುರೀತಿತ್ತು. ಒಳಗಿದ್ದ ನಾವು ಹತ್ತು ಹನ್ನೆರಡು ಜನ ನೆನೀತಿರಲಿಲ್ಲ, ಅವಳು ನೆನೀತಿದ್ದಳು.

ಮಾಡಿದ್ದು ಕೇಟೆ ಕೋಲ್‌ವಿಟ್ಸ್. 1867ರಲ್ಲಿ ಹುಟ್ಟಿದ ಜರ್ಮನ್ ಕಲಾವಿದೆ. ಗಂಡ ಕಾರ್ಲ್ ಬರ್ಲಿನ್ನಿನ ಬಡವರ ಬಡಾವಣೆಯಲ್ಲಿ ಡಾಕ್ಟರು. ಕೂಲಿಯವರು, ಕಾಯಿಲೆಯ ಮಕ್ಕಳು, ಬಸುರಿಯರು, ಇವರನ್ನೇ ಆಕೆ ಬರೆದಿದ್ದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಚಿಕ್ಕ ಮಗ ಪೀಟರ್‌ಗೆ 18 ವರ್ಷ. ಸ್ವಯಂಸೇವಕನಾಗಿ ಸೇರ್ತೀನಿ ಅಂದ. ಅಪ್ಪನ ಒಪ್ಪಿಗೆ ಬೇಕಿತ್ತು, ಅಪ್ಪ ಬೇಡ ಅಂದ. ಮಗನ ಪರ ನಿಂತು ಗಂಡನನ್ನ ಒಪ್ಪಿಸಿದ್ದು ತಾಯಿ. ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಪೀಟರ್ ಸತ್ತ.

ಆ ವರ್ಷವೇ ಮಗನಿಗೊಂದು ಸ್ಮಾರಕ ಮಾಡಬೇಕು ಅಂತ ಹೊರಟಳು. ಮೊದಲ ಪ್ಲಾನ್‌ನಲ್ಲಿ ಮಗನ ದೇಹ ಮಲಗಿದೆ, ತಲೆಯ ಹತ್ತಿರ ಅಪ್ಪ, ಕಾಲ ಹತ್ತಿರ ಅಮ್ಮ. ಮಾಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕೆಲಸ ಮುಗಿದಿದ್ದು 1932ರಲ್ಲಿ. ಹದಿನೆಂಟು ವರ್ಷ. ಮಗ ಬದುಕಿದ್ದೂ ಅಷ್ಟೇ ವರ್ಷ. ಈ ಹದಿನೆಂಟು ವರ್ಷದಲ್ಲಿ ಆಕೆ ಮಾಡಿದ ದೊಡ್ಡ ಬದಲಾವಣೆ ಏನು ಗೊತ್ತಾ? ಮಗನನ್ನೇ ಶಿಲ್ಪದಿಂದ ತೆಗೆದುಹಾಕಿದ್ದು. ಕೊನೆಗೆ ಉಳಿದಿದ್ದು ಎರಡು ಮೂರ್ತಿ. ಬೇರೆ ಬೇರೆ ಪೀಠದ ಮೇಲೆ ಮಂಡಿಯೂರಿದ ಅಪ್ಪ ಅಮ್ಮ. ಅಪ್ಪ ತನ್ನ ತೋಳುಗಳಿಂದ ತನ್ನನ್ನೇ ಬಿಗಿಯಾಗಿ ತಬ್ಬಿಕೊಂಡು ನೆಟ್ಟಗಿದ್ದಾನೆ. ಅಮ್ಮ ಕುಗ್ಗಿ ಮುಂದಕ್ಕೆ ಬಾಗಿದ್ದಾಳೆ. ಒಬ್ಬರನ್ನೊಬ್ಬರು ಮುಟ್ಟಲ್ಲ. ಮುಖಗಳು ಕಾರ್ಲ್ ಮತ್ತು ಕೇಟೆಯವೇ.

ಈಗ ಅವು ಬೆಲ್ಜಿಯಂನ ವ್ಲಾಡ್ಸ್ಲೊ ಸ್ಮಶಾನದಲ್ಲಿವೆ. ಅಲ್ಲಿ 25 ಸಾವಿರಕ್ಕೂ ಹೆಚ್ಚು ಜರ್ಮನ್ ಸೈನಿಕರನ್ನ ಹೂಳಿದ್ದಾರೆ, ಪೀಟರ್‌ನ ಹೆಸರಿನ ಕಲ್ಲು ಈ ಇಬ್ಬರ ಮುಂದೆಯೇ ಇದೆ. ಅಲ್ಲಿಗೆ ನಾನು ಹೋಗಿಲ್ಲ, ಫೋಟೋ ನೋಡಿದ್ದು. ಫೋಟೋದಲ್ಲೂ ಒಂದು ಗೊತ್ತಾಗುತ್ತೆ. ಮಗನ ಶಿಲ್ಪ ಮಧ್ಯೆ ಇದ್ದಿದ್ದರೆ ಅದು ಪೀಟರ್‌ನ ಅಪ್ಪ ಅಮ್ಮ ಮಾತ್ರ ಆಗ್ತಿತ್ತು. ಈಗ ಎದುರಿಗಿರೋ ಅಷ್ಟೂ ಹೆಸರುಗಳಿಗೆ ಅವರೇ ಅಪ್ಪ ಅಮ್ಮ. 1920ರ ದಶಕದ ಆರಂಭದಲ್ಲಿ ಆಕೆ ಯುದ್ಧದ ಬಗ್ಗೆ ಏಳು ಮರದಚ್ಚಿನ ಚಿತ್ರಗಳನ್ನೂ ಮಾಡಿದಳು. ಯುದ್ಧದ ಸರಣಿ ಅಂತಲೇ ಹೆಸರು, ಒಂದರಲ್ಲೂ ರಣರಂಗ ಇಲ್ಲ. ವಿಧವೆಯರು, ತಂದೆತಾಯಿಗಳು, ಮಕ್ಕಳನ್ನ ಮಧ್ಯೆ ಬಚ್ಚಿಟ್ಟು ಸುತ್ತ ಗೋಡೆಯ ಹಾಗೆ ನಿಂತ ತಾಯಂದಿರು.

ಇದೆಲ್ಲದರಿಂದ ಯುದ್ಧ ನಿಂತಿತಾ ಅಂತ ಕೇಳಿದರೆ, ಇಲ್ಲ. ಪೀಟರ್ ಅಂತ ಚಿಕ್ಕಪ್ಪನ ಹೆಸರನ್ನೇ ಇಟ್ಟಿದ್ದ ಮೊಮ್ಮಗ 1942ರಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತ. ಆಕೆ ಸತ್ತಿದ್ದು 1945ರ ಏಪ್ರಿಲ್ 22ರಂದು, ಯುದ್ಧ ಮುಗಿಯೋಕೆ ಎರಡು ವಾರ ಇದ್ದಾಗ.

ಬರ್ಲಿನ್ನಿನ ಆ ತಾಯಿ ಮಗನ ಶಿಲ್ಪದ ಬಗ್ಗೆ ಒಂದು ತಕರಾರೂ ಇದೆ. ಆಕೆ ಮಾಡಿದ ಮೂಲ ಶಿಲ್ಪ ಒಂದೂಕಾಲು ಅಡಿ ಎತ್ತರದ್ದು, ಟೇಬಲ್ ಮೇಲೆ ಇಡಬಹುದಾದಷ್ಟು. 1993ರಲ್ಲಿ ಸರ್ಕಾರ ಅದನ್ನ ನಾಲ್ಕು ಪಟ್ಟು ದೊಡ್ಡದು ಮಾಡಿಸಿ, ಯುದ್ಧ ಮತ್ತು ದಬ್ಬಾಳಿಕೆಗೆ ಬಲಿಯಾದವರಿಗೆ ಅಂತ ಬರೆಸಿ ಇಟ್ಟಿತು. ಆಗ ಬಹಳ ಜನ ವಿರೋಧಿಸಿದರು. ಕೊಂದ ಸೈನಿಕನೂ ಬಲಿ, ಕ್ಯಾಂಪಿನಲ್ಲಿ ಸತ್ತ ಯಹೂದಿಯೂ ಬಲಿ, ಇಬ್ಬರಿಗೂ ಒಂದೇ ಅಮ್ಮನಾ ಅಂತ. ನ್ಯಾಯವಾದ ಪ್ರಶ್ನೆ ಅಂತ ನನಗೆ ಅನ್ನಿಸುತ್ತೆ. ಒಬ್ಬ ತಾಯಿ ತನ್ನ ಮಗನಿಗೆ ಅತ್ತರೆ ಅದು ಕರುಣೆ. ಒಂದು ಸರ್ಕಾರ ಅದೇ ಅಳುವನ್ನ ದೊಡ್ಡದು ಮಾಡಿ ಎಲ್ಲರ ಮೇಲೂ ಹೊದಿಸಿದಾಗ, ಯಾರು ಯಾರಿಗೆ ಏನು ಮಾಡಿದರು ಅನ್ನೋದೂ ಅದರಡಿ ಮುಚ್ಚಿಹೋಗುತ್ತೆ. ಆದರೂ ಆ ಮಳೆಯಲ್ಲಿ ನಾನು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಎರಡೂ ನಿಜ.

ಕೋಲ್‌ವಿಟ್ಸ್ ಚಿತ್ರಗಳ ಪ್ರಭಾವ ಬಂಗಾಳದ ಕಲಾವಿದರ ಮೇಲೂ ಆಯಿತು. 1943ರ ಬಂಗಾಳದ ಕ್ಷಾಮದಲ್ಲಿ ಸತ್ತವರು 30 ಲಕ್ಷದವರೆಗೂ ಇರಬಹುದು ಅಂತ ಅಂದಾಜು. ಮಳೆ ಕೈಕೊಟ್ಟಿದ್ದಕ್ಕಿಂತ ಯುದ್ಧಕಾಲದ ಸರ್ಕಾರದ ನೀತಿ, ದಾಸ್ತಾನು, ಏರಿದ ಅಕ್ಕಿ ಬೆಲೆ ಇವೇ ಕೊಂದಿದ್ದು. ಇಲ್ಲಿ ಬಂದೂಕೂ ಇಲ್ಲ, ಕೋಲೂ ಇಲ್ಲ. ಇಂಥ ಹಿಂಸೆಯನ್ನ ಹೇಗೆ ಬರೀತೀರಿ? ಚಿತ್ತಪ್ರಸಾದ್ ಅನ್ನೋ ಯುವಕ ಮಿಡ್ನಾಪುರದ ಹಳ್ಳಿಗಳನ್ನ ನಡೆದು ಸುತ್ತಿದ. ಎದುರಿಗೆ ಸಿಕ್ಕವರನ್ನ ಕಪ್ಪು ಶಾಯಿಯಲ್ಲಿ ಬರೆದ. ಹಲವು ಚಿತ್ರಗಳ ಜೊತೆ ಅವರ ಹೆಸರು, ಊರು, ಕಥೆ. ಅಂಕಿ ಆಗಿಬಿಡಬಹುದಾಗಿದ್ದವರಿಗೆ ಹೆಸರು ಉಳಿಸಿದ. 'ಹಂಗ್ರಿ ಬೆಂಗಾಲ್' ಅಂತ ಪುಸ್ತಿಕೆ ಬಂತು. ಬ್ರಿಟಿಷ್ ಸರ್ಕಾರ 5,000 ಪ್ರತಿಗಳನ್ನ ವಶಪಡಿಸಿಕೊಂಡು ಸುಟ್ಟಿತು. ಶಾಯಿ ಚಿತ್ರಕ್ಕೆ ಸರ್ಕಾರ ಅಷ್ಟು ಹೆದರಿತ್ತು ಅಂದರೆ ನೋಡಿ.

ಚಿತ್ತಪ್ರಸಾದ್ ತನ್ನ ಜೊತೆ ಚಿತ್ರ ಬರೆಯೋಕೆ ಕೂರಿಸಿಕೊಂಡವರಲ್ಲಿ ಚಿತ್ತಗಾಂಗಿನ ಹುಡುಗ ಸೋಮನಾಥ ಹೋರೆ ಒಬ್ಬ. 1921ರಲ್ಲಿ ಹುಟ್ಟಿದವನು. ಜಪಾನಿನ ಬಾಂಬಿಗೆ ಸತ್ತವರನ್ನ ನೋಡಿದ, ಕ್ಷಾಮ ನೋಡಿದ, ಆಮೇಲೆ ದೇಶ ಒಡೆದಿದ್ದನ್ನೂ ನೋಡಿದ. ಜೀವನಪೂರ್ತಿ ಅವನ ವಿಷಯ ಒಂದೇ, ಗಾಯ. 1970ರ ದಶಕದಲ್ಲಿ 'ವೂಂಡ್ಸ್' ಅನ್ನೋ ಸರಣಿ ಮಾಡಿದ. ಮೊದಲ ಸಲ ಫೋನಿನಲ್ಲಿ ನೋಡಿದಾಗ ಪೇಜ್ ಲೋಡ್ ಆಗಿಲ್ಲ ಅಂದ್ಕೊಂಡೆ. ಬರೀ ಬಿಳಿ. ಬ್ರೈಟ್‌ನೆಸ್ ಸರಿಮಾಡಿ ನೋಡಿದರೆ ಬಿಳಿ ಕಾಗದದ ಮೇಲೆ ಸೀಳು, ಕುಳಿ, ಚರ್ಮ ಸುಲಿದ ಹಾಗೆ ಎದ್ದ ಅಂಚು.

ಮಾಡೋ ವಿಧಾನ ಹೀಗೆ. ಜೇಡಿಮಣ್ಣಿನ ಹಾಳೆ ಹರಡಿ ಅದನ್ನ ಚಾಕುವಿನಿಂದ ಕೊಯ್ಯೋದು, ಚುಚ್ಚೋದು, ಸುಡೋದು. ಅದರಿಂದ ಸಿಮೆಂಟ್ ಅಚ್ಚು ತೆಗೆಯೋದು. ಅಚ್ಚಿನ ಮೇಲೆ ಒದ್ದೆ ಕಾಗದದ ತಿರುಳು ಒತ್ತಿ ಒಣಗಿಸೋದು. ಅಂದರೆ ಗಾಯದ ಚಿತ್ರ ಅಲ್ಲ ಅದು, ಕಾಗದಕ್ಕೇ ಆದ ಗಾಯ. ತಾಮ್ರವನ್ನ ಆಸಿಡ್ ಕೊರೆಯೋದನ್ನ ವರ್ಷಗಟ್ಟಲೆ ನೋಡಿದ ಅಚ್ಚು ಕಲಾವಿದನಿಗೆ ಮಾತ್ರ ಹೊಳೆಯಬಹುದಾದ ದಾರಿ ಇದು.

ಇಲ್ಲಿ ಹೊಡೆದವನಿಲ್ಲ, ಹೊಡೆಸಿಕೊಂಡವನ ಮುಖವೂ ಇಲ್ಲ. ಯಾವ ಜಾತಿ, ಯಾವ ಧರ್ಮ, ಕದ್ದಿದ್ದನಾ ಇಲ್ಲವಾ, ಯಾವ ಕಡೆಯವನು, ಒಂದೂ ಗೊತ್ತಾಗಲ್ಲ. "ಅವನೇನು ಮಾಡಿದ್ದ?" ಅಂತ ಕೇಳೋಕೆ ಅಲ್ಲಿ ಯಾರೂ ಇಲ್ಲ. ನಮಗೆ ಕರುಣೆ ಬರೋದಕ್ಕೆ ಮೊದಲು ಎಷ್ಟು ಡೀಟೇಲ್ಸ್ ಬೇಕಾಗುತ್ತೆ ಅಂತ ಈ ಬಿಳಿ ಹಾಳೆ ನೋಡ್ತಾ ಕೂತಾಗಲೇ ನನಗೆ ಗೊತ್ತಾಗಿದ್ದು. ಅಂಕಲ್‌ಗೆ ಮಾತ್ರ ಅಲ್ಲ, ನ್ಯೂಸ್ ಓದುವಾಗ ಹೆಸರು ನೋಡಿ ಮುಂದೆ ಸ್ಕ್ರೋಲ್ ಮಾಡೋ ಎಲ್ಲರಿಗೂ. ಹೋರೆ ಆಮೇಲೆ ಕಂಚಿಗೂ ಕೈ ಹಾಕಿದ. ವಿಯೆಟ್ನಾಂನ ಜನರ ನೆನಪಿಗೆ ಮಾಡಿದ ತಾಯಿ ಮಗುವಿನ ದೊಡ್ಡ ಕಂಚಿನ ಶಿಲ್ಪ 1977ರಲ್ಲಿ, ಮುಗಿಸಿದ ಕೆಲವೇ ದಿನಕ್ಕೆ, ಶಾಂತಿನಿಕೇತನದ ಕಲಾಭವನದಿಂದ ಕಳುವಾಯಿತು. ಆಮೇಲೂ ಅವನು ಸಣ್ಣ ಸಣ್ಣ ಕಂಚಿನ ಮನುಷ್ಯರನ್ನ, ಪ್ರಾಣಿಗಳನ್ನ ಮಾಡ್ತಾನೇ ಇದ್ದ. 2006ರಲ್ಲಿ ತೀರಿಕೊಂಡ.

ಇಷ್ಟೆಲ್ಲ ಸುತ್ತಿದ ಮೇಲೆ ನಮ್ಮಲ್ಲಿ ಏನಿದೆ ಅಂತ ನೋಡಬೇಕಲ್ಲ. ಹಿಂಸೆಯನ್ನ ಕಲ್ಲಿನಲ್ಲಿ ಕೆತ್ತೋದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ವೀರಗಲ್ಲು ಇಲ್ಲದ ಊರು ಕರ್ನಾಟಕದಲ್ಲಿ ಕಮ್ಮಿ. ಸಾಮಾನ್ಯವಾಗಿ ಕೆಳಗಿನ ಫಲಕದಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನ ಎತ್ತಿಕೊಂಡು ಹೋಗ್ತಿರೋದು, ಮೇಲೆ ದೇವರ ಸನ್ನಿಧಿ. ದನ ಹೊಡ್ಕೊಂಡು ಹೋಗೋರನ್ನ ತಡೆದು ಸತ್ತವನು, ಊರು ಕಾದು ಸತ್ತವನು, ಅಂಥವರ ನೆನಪಿಗೆ ಊರವರು ನಿಲ್ಲಿಸಿದ್ದು. ಆ ಕೃತಜ್ಞತೆ ದೊಡ್ಡದೇ. ಆದರೆ ಕೆತ್ತಿದವನು ನಿಂತಿರೋದು ವೀರನ ಪಕ್ಕ. ವೀರ ದೊಡ್ಡವನು, ಅವನ ಕಾಲ ಬುಡದಲ್ಲಿ ಬಿದ್ದವರು ಎಷ್ಟೋ ಕಲ್ಲುಗಳಲ್ಲಿ ಗೇಣುದ್ದವೂ ಇಲ್ಲ. ಅವರಿಗೂ ಒಂದು ಊರು, ಒಬ್ಬ ಅಮ್ಮ ಇದ್ದಿರಬೇಕು. ಅವರನ್ನ ಕರ್ಕೊಂಡು ಹೋಗೋಕೆ ಅಪ್ಸರೆಯರು ಬರಲ್ಲ.

ಇವುಗಳಲ್ಲಿ ಒಂದು ಕಲ್ಲು ಮಾತ್ರ ಸ್ವಲ್ಪ ಬೇರೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನದ್ದು, ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಸೇರಿದೆ. ಸುಮಾರು ಕ್ರಿ.ಶ. 949-50ರ ಕಾಲ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನ ಕೊಂದಿದ್ದು ಇದರಲ್ಲಿ ದಾಖಲಾಗಿದೆ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರ ಅನ್ನೋ ವೀರನಿಗೆ ಒಡೆಯ ಏನು ಬೇಕೋ ಕೇಳು ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. 'ಕಾಳಿ' ಅನ್ನೋ ಬೇಟೆ ನಾಯಿಯನ್ನ ಕೇಳಿದ. ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ಮಣಲೆರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡೋನು ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಪಾಪ ಅಂತಲೂ ಕಟ್ಟಳೆ ಹಾಕಿದ.

ಅದೇ ಕಲ್ಲು, ಅದೇ ಬರಹ. ಒಬ್ಬ ರಾಜಕುಮಾರನನ್ನ ಕೊಂದಿದ್ದಕ್ಕೆ ಹೆಮ್ಮೆ, ಒಂದು ನಾಯಿ ಸತ್ತಿದ್ದಕ್ಕೆ ಸಂಕಟ. ಬರೆಸಿದವರಿಗೆ ಇದರಲ್ಲಿ ಏನೂ ವಿಚಿತ್ರ ಕಂಡಿರಲಿಕ್ಕಿಲ್ಲ. ಕೆತ್ತನೆಯಲ್ಲಿ ಕಾಣೋದು ಮಾತ್ರ ನಾಯಿ ಮತ್ತು ಹಂದಿ. ಮಣಲೆರ ಇಲ್ಲ, ಬೂತುಗ ಇಲ್ಲ, ಆನೆ ಕುದುರೆ ಇಲ್ಲ.

ಈ ವೀಕೆಂಡ್ ಊರಿಗೆ ಹೋಗ್ತಿದ್ದರೆ ಒಂದು ಕೆಲಸ ಮಾಡಿ. ಕೆರೆ ಏರಿ ಮೇಲೋ, ದೇವಸ್ಥಾನದ ಹಿಂದೆ ಬೇಲಿಯಲ್ಲೋ ವೀರಗಲ್ಲು ಇದ್ದೇ ಇರುತ್ತೆ. ಅಜ್ಜಿಯನ್ನ ಕೇಳಿದರೆ ತೋರಿಸ್ತಾರೆ. ಫೋಟೋ ತೆಗೆಯುವಾಗ ವೀರನದ್ದು ಮಾತ್ರ ಬೇಡ, ಸ್ವಲ್ಪ ಕುಕ್ಕರುಗಾಲಲ್ಲಿ ಕೂತು, ಕೆಳಗೆ ಬಿದ್ದಿರೋ ಆ ಸಣ್ಣ ಮನುಷ್ಯರೂ ಬರೋ ಹಾಗೆ ತೆಗೀರಿ. ಊರಿನ ಹೆಸರು ಬರೆದು ಕಳಿಸಿದರೆ ಮುಂದಿನ ಕಂತಿನಲ್ಲಿ ಒಂದೆರಡರ ಬಗ್ಗೆ ಬರೀತೀನಿ.